ಹ್ಯಾಂಗ್ ಗ್ಲೈಡರ್‌ಗೆ ಮೋಟರ್: ಬ್ಯಾಟರಿ ಲೆಕ್ಕ ಹೀಗೆ ಹಾಕಿ

ಮೋಟರ್ ಎಷ್ಟು ಕಿಲೋವ್ಯಾಟಿನದಿರಬೇಕು ಎಂದು ಕೇಳುವ ಮೊದಲು ಎರಡು ಅಂಕಿ ಕೈಯಲ್ಲಿರಲಿ: ನೆಲದಿಂದ ಏಳುವ ಒಟ್ಟು ತೂಕ ಮತ್ತು ಗ್ಲೈಡರ್ ಇಳಿಯುವ ವೇಗ, ಅಂದರೆ ಮೋಟರ್ ಓಡದೆ ತೇಲುವಾಗ ಅದು ಸೆಕೆಂಡಿಗೆ ಕಳೆದುಕೊಳ್ಳುವ ಎತ್ತರ. ಇಳಿಯುವ ವೇಗಕ್ಕೆ ತಯಾರಕರು ಕೊಟ್ಟ ಅಂಕಿಯನ್ನೇ ನಂಬಬೇಡಿ. ಮೋಟರ್, ಪ್ರೊಪೆಲ್ಲರ್ ಕಟ್ಟಿದ ಮೇಲೆ ಗಾಳಿಯ ಎಳೆತ ಹೆಚ್ಚುತ್ತದೆ.

ಪೈಲಟ್, ರೆಕ್ಕೆ, ಹಾರ್ನೆಸ್ (ಪೈಲಟ್ ತೂಗುವ ಪಟ್ಟಿಗಳ ಜೋಡಣೆ), ಮೋಟರ್, ಬ್ಯಾಟರಿ ಸೇರಿ 140 ಕೆ.ಜಿ., ಇಳಿತ ಸೆಕೆಂಡಿಗೆ 1.1 ಮೀಟರ್ ಎಂದುಕೊಳ್ಳೋಣ. ಎತ್ತರ ಕಳೆದುಕೊಳ್ಳದೆ ಹಾರಲು 140 × 9.81 (ಗುರುತ್ವ) × 1.1, ಅಂದರೆ ಸುಮಾರು 1,510 ವ್ಯಾಟ್ ಬೇಕು. ಸೆಕೆಂಡಿಗೆ 1.5 ಮೀಟರ್ ಏರಲು ಇನ್ನೂ 2,060. ಒಟ್ಟು 3,570 ವ್ಯಾಟ್.

ಇದು ಗಾಳಿಗೆ ತಲುಪಬೇಕಾದ ಶಕ್ತಿ. ಇಷ್ಟು ನಿಧಾನದ ಹಾರಾಟದಲ್ಲಿ 1.2ರಿಂದ 1.4 ಮೀಟರ್ ವ್ಯಾಸದ ಪ್ರೊಪೆಲ್ಲರ್‌ನ ದಕ್ಷತೆ ಶೇ. 55ರ ಆಸುಪಾಸು. ಮೋಟರ್ ಮತ್ತು ಕಂಟ್ರೋಲರ್ ಸೇರಿ ಶೇ. 85. ಎರಡನ್ನೂ ಗುಣಿಸಿದರೆ 0.47. ಹಾಗಾಗಿ ಏರುವಾಗ ಬ್ಯಾಟರಿಯಿಂದ 7.6 ಕಿಲೋವ್ಯಾಟ್, ಸಮತಟ್ಟಾಗಿ ಹಾರುವಾಗ 3.2 ಕಿಲೋವ್ಯಾಟ್ ಹೊರಡುತ್ತದೆ. ವ್ಯಾಸ ಹೆಚ್ಚಿದಷ್ಟೂ ಲಾಭ, ನೆಲಕ್ಕೆ ತಾಗದ ಮಿತಿಯವರೆಗೆ.

600 ಮೀಟರ್ ಏರಲು 400 ಸೆಕೆಂಡ್, ಸುಮಾರು 845 ವ್ಯಾಟ್-ಅವರ್. ನಿಧಾನವಾಗಿ ಏರಿದರೆ ಬ್ಯಾಟರಿ ಉಳಿದೀತು ಎಂಬ ಲೆಕ್ಕ ಇಲ್ಲಿ ತಲೆಕೆಳಗು. ಸೆಕೆಂಡಿಗೆ 0.5 ಮೀಟರ್ ಏರಿದರೆ ಅದೇ ಎತ್ತರಕ್ಕೆ 1,560 ವ್ಯಾಟ್-ಅವರ್ ಬೇಕು, ಏಕೆಂದರೆ ಇಳಿತದ ವಿರುದ್ಧ 20 ನಿಮಿಷ ಸೆಣಸಬೇಕು. ಕಡಿಮೆ ತಳ್ಳಿಕೆಯಲ್ಲಿ ಪ್ರೊಪೆಲ್ಲರ್ ದಕ್ಷತೆ ಸ್ವಲ್ಪ ಏರುತ್ತದೆ ನಿಜ, ಆದರೆ ಈ ನಷ್ಟ ತುಂಬುವಷ್ಟಲ್ಲ.

ಇಳಿಯುವ ಜಾಗ ಕೈತಪ್ಪಿದರೆಂದು 5 ನಿಮಿಷದ ಮೀಸಲು, 267 ವ್ಯಾಟ್-ಅವರ್ ಸೇರಿಸಿ. ಬ್ಯಾಟರಿಯ ಶೇ. 80 ಮಾತ್ರ ಬಳಸುವುದಾದರೆ ಒಟ್ಟು ಸುಮಾರು 1,390. 4 ಆಂಪಿಯರ್-ಅವರ್‌ನ 21700 (21 ಮಿ.ಮೀ. ದಪ್ಪ, 70 ಮಿ.ಮೀ. ಉದ್ದದ ಲಿಥಿಯಂ-ಅಯಾನ್) ಸೆಲ್‌ಗಳಲ್ಲಿ ಸರಣಿಗೆ 14, ಸಮಾಂತರಕ್ಕೆ 7, ಒಟ್ಟು 98 ಸೆಲ್ ಹಾಕಿದರೆ ಸಾಕೆನಿಸುತ್ತದೆ.

ಸಾಲದು. ಭಾರ ಬಿದ್ದಾಗ ವೋಲ್ಟೇಜ್ 49ಕ್ಕೆ ಕುಸಿದರೆ ಕರೆಂಟ್ 155 ಆಂಪಿಯರ್, ಪ್ರತಿ ಸೆಲ್‌ಗೆ 22. ಸೆಲ್‌ನ ಒಳರೋಧ 15 ಮಿಲಿಓಮ್ ಆದರೆ ಒಂದೊಂದೂ 7 ವ್ಯಾಟ್‌ಗಿಂತ ಹೆಚ್ಚು ಬಿಸಿ ಉತ್ಪಾದಿಸುತ್ತದೆ. ಪೆಟ್ಟಿಗೆಯೊಳಗೆ ಗಾಳಿಯಾಡದಿದ್ದರೆ 400 ಸೆಕೆಂಡಿನಲ್ಲಿ ತಾಪ 40 ಡಿಗ್ರಿಗೂ ಹೆಚ್ಚು ಏರುತ್ತದೆ. 25 ಡಿಗ್ರಿಯಲ್ಲಿ ಹೊರಟ ಸೆಲ್ 65 ದಾಟುತ್ತದೆ, ಹಲವು ಸೆಲ್‌ಗಳಿಗೆ ಅದು ಸುರಕ್ಷಿತ ಮಿತಿಯ ಆಚೆ. ಸಮಾಂತರ 9 ಮಾಡಿದರೆ ಸೆಲ್‌ಗೆ 17 ಆಂಪಿಯರ್, ಏರಿಕೆ 27 ಡಿಗ್ರಿ. ಹೆಚ್ಚುವ ತೂಕ ಬರೀ 2 ಕೆ.ಜಿ., ಅದಕ್ಕೆ ಬೇಕಾಗುವ ಶಕ್ತಿ 100 ವ್ಯಾಟ್‌ನಷ್ಟು. ಈ 2 ಕೆ.ಜಿ. ಹೊರುವುದೇ ಸರಿ.

ತಾಪದ ಸೆನ್ಸರನ್ನು ಪ್ಯಾಕ್‌ನ ಅಂಚಿಗೆ ಅಂಟಿಸಬೇಡಿ, ನಡುವಿನ ಸೆಲ್‌ಗೆ ಅಂಟಿಸಿ. ವೋಲ್ಟೇಜ್ ಕುಸಿದಾಗ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ತಾನಾಗಿ ಕರೆಂಟ್ ಕಡಿಯುವಂತಿದ್ದರೆ ಟೇಕಾಫ್ ಆದ ಕೂಡಲೇ, ಮರಗಳ ಮೇಲೆ ಮೋಟರ್ ನಿಲ್ಲಬಹುದು. ಹಾರಾಟದಲ್ಲಿ ಅದು ಮೊದಲು ಅಲಾರಂ ಕೊಡುವಂತಿರಲಿ, ಥ್ರಾಟಲ್ ಇಳಿಸುವ ನಿರ್ಧಾರ ಪೈಲಟ್‌ಗೆ ಬಿಡಿ. ಎಲ್ಲ ಕಟ್ಟಿದ ಮೇಲೆ ನಿಜವಾದ ತೂಕ ಹಾಕಿ, 140ರ ಜಾಗದಲ್ಲಿ ಆ ಅಂಕಿಯನ್ನಿಟ್ಟು ಮೊದಲಿನಿಂದ ಲೆಕ್ಕ ಮಾಡಿ.