ಕಂಪನಿ ಪೇಂಟ್ ಇದ್ದರೆ ದಯವಿಟ್ಟು ಕೆರೆಸಬೇಡಿ

ನಮ್ಮ ದೊಡ್ಡಪ್ಪನ ಪ್ರೀಮಿಯರ್ ಪದ್ಮಿನಿ ಕಾರು 1979ರದ್ದು. ಗಾಢ ಹಸಿರು ಬಣ್ಣ. ಮುಂಬೈನ ಕುರ್ಲಾ ಕಾರ್ಖಾನೆಯಲ್ಲಿ ಹೊಡೆದ ಪೇಂಟೇ ಇವತ್ತಿಗೂ ಅದರ ಮೈಮೇಲಿದೆ. "ಅಯ್ಯೋ, ಇನ್ನೂ ಪೇಂಟ್ ಮಾಡಿಸಿಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ಯಾಕೆ ಅಂತ ಬರೆಯಬೇಕು ಅನ್ನಿಸಿತು.

ದೊಡ್ಡಪ್ಪ ಓಡಿಸುವುದನ್ನು ಬಿಟ್ಟ ಮೇಲೆ ಕಾರು ತ್ಯಾಗರಾಜನಗರದ ಮನೆ ಮುಂದೆ ಮಳೆಮರದ ಕೆಳಗೆ ವರ್ಷಗಟ್ಟಲೆ ನಿಂತಿತ್ತು. ಮರದಿಂದ ಅಂಟು, ಮೇಲಿಂದ ಹಕ್ಕಿ ಹಿಕ್ಕೆ, ಎಲೆ ಉದುರಿದ ದಿನಗಳಲ್ಲಿ ನೇರ ಬಿಸಿಲು. ನನ್ನ ಕೈಗೆ ಬಂದಾಗ ಬಾನೆಟ್, ಟಾಪು, ಡಿಕ್ಕಿ ಮೂರೂ ಬೂದಿ ಬಣ್ಣಕ್ಕೆ ತಿರುಗಿದ್ದವು. ಸುಣ್ಣ ಹೊಡೆದ ಗೋಡೆಗೆ ಒರಗಿದ ಹಾಗೆ, ಮುಟ್ಟಿದರೆ ಕೈಗೆ ಪುಡಿ ಹತ್ತುತ್ತಿತ್ತು. ಬಾಗಿಲುಗಳು ಮಾತ್ರ ಪರವಾಗಿರಲಿಲ್ಲ. ನೆಟ್ಟಗೆ ನಿಂತಿರುವ ಭಾಗಕ್ಕೆ ಬಿಸಿಲು ಅಷ್ಟು ನೇರವಾಗಿ ಬೀಳುವುದಿಲ್ಲ. ನಮ್ಮ ಊರು ತಂಪು ಅಂತ ನಾವು ಮೈಮರೆಯುತ್ತೇವೆ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿನ ಬಿಸಿಲಲ್ಲಿ ನೇರಳಾತೀತ ಕಿರಣ ಜಾಸ್ತಿ. ಪೇಂಟ್ ಹಾಳು ಮಾಡುವುದು ಸೆಕೆಗಿಂತ ಹೆಚ್ಚಾಗಿ ಆ ಕಿರಣ.

ವಿಲ್ಸನ್ ಗಾರ್ಡನ್, ಜೆ.ಸಿ. ರಸ್ತೆ ಕಡೆ ಗ್ಯಾರೇಜುಗಳಲ್ಲಿ ಕೇಳಿದರೆ ಒಂದೇ ಮಾತು. "ಮೇಡಂ, ಕೆರೆದು ಫುಲ್ ಪೇಂಟ್ ಹೊಡೆದುಬಿಡೋಣ, ಹೊಸ ಗಾಡಿ ತರ ಆಗುತ್ತೆ." ಒಬ್ಬರು ಮಾತ್ರ ಬೇರೆ ಹೇಳಿದರು. ಕೆಲಸದಿಂದ ನಿವೃತ್ತರಾದ ಹಳೇ ಪೇಂಟರ್. ಶಿವಾಜಿನಗರದವರು. ಅವರು ಬಾಗಿಲು ತೆಗೆದು, ಒಳಗಿನ ಅಂಚಿಗೆ ಚೂರು ಪಾಲಿಶ್ ಹಚ್ಚಿ, ಬಿಳಿ ಬನಿಯನ್ ಬಟ್ಟೆಯಲ್ಲಿ ಉಜ್ಜಿದರು. ಬಟ್ಟೆ ಹಸಿರಾಯಿತು. "ಇದು ಕಂಪನಿ ಪೇಂಟ್. ಕ್ಲಿಯರ್ ಕೋಟ್ ಇಲ್ಲ. ಇಂಥದ್ದು ಈಗ ಯಾರು ಹೊಡೀತಾರಮ್ಮ? ಇದನ್ನ ಕೆರೀಬೇಡಿ" ಅಂದರು.

ಆ ಬಟ್ಟೆಗೆ ಬಣ್ಣ ಹತ್ತುವುದರಲ್ಲೇ ಎಲ್ಲ ವಿಷಯ ಇದೆ. ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಬಣ್ಣದ ಮೇಲೆ ಬಣ್ಣವಿಲ್ಲದ ಇನ್ನೊಂದು ಪದರ ಇರುತ್ತದೆ. ಅದೇ ಕ್ಲಿಯರ್ ಕೋಟ್. ಅದು ಇದ್ದರೆ ಉಜ್ಜಿದ ಬಟ್ಟೆಗೆ ಬಣ್ಣ ಹತ್ತುವುದಿಲ್ಲ. ಅದು ಪ್ರಪಂಚದಲ್ಲೆಲ್ಲ ಸಾಮಾನ್ಯವಾಗಿದ್ದು 1980ರ ದಶಕದಿಂದ ಈಚೆಗೆ. ಅದಕ್ಕಿಂತ ಹಿಂದೆ ಬಣ್ಣ, ಹೊಳಪು, ರಕ್ಷಣೆ ಎಲ್ಲ ಒಂದೇ ಪದರದಲ್ಲಿ. ಇದನ್ನೇ ಸಿಂಗಲ್ ಸ್ಟೇಜ್ ಅನ್ನುತ್ತಾರೆ. ನಮ್ಮ ಪೇಂಟರ್‌ಗಳ ಬಾಯಲ್ಲಿ ಇವತ್ತಿಗೂ ಇರುವ 'ಡ್ಯೂಕೋ' ಈ ಜಾತಿಯದ್ದೇ. 1920ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿ ಜನರಲ್ ಮೋಟಾರ್ಸ್ ಜೊತೆ ಸೇರಿ ತಂದ ಪೇಂಟ್ ಅದು. ಅದಕ್ಕೆ ಮುಂಚೆ ಒಂದು ಕಾರಿನ ಬಣ್ಣ ಒಣಗಿ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು.

ಸಿಂಗಲ್ ಸ್ಟೇಜ್ ಪೇಂಟ್ ಬೂದಿಯಾದರೆ ಅದು ಪೂರ್ತಿ ಸತ್ತಿಲ್ಲ. ಬಿಸಿಲಿಗೆ ಮೇಲ್ಮೈಯ ಅಂಟು, ಅಂದರೆ ರೆಸಿನ್, ಒಡೆದುಹೋಗುತ್ತದೆ. ಬಣ್ಣದ ಕಣಗಳು ಬರಿದಾಗಿ ನಿಲ್ಲುತ್ತವೆ. ಬೆಳಕು ಅಲ್ಲಿ ಚೆದುರಿ ಬೆಳ್ಳಗೆ ಕಾಣುತ್ತದೆ. ಅದರ ಅಡಿಯಲ್ಲಿ ಒಳ್ಳೆ ಪೇಂಟ್ ಇನ್ನೂ ಇರುತ್ತದೆ. ಆದರೆ ಎಷ್ಟಿದೆ ಅನ್ನುವುದೇ ಪ್ರಶ್ನೆ. ಪೇಂಟ್ ದಪ್ಪ ಅಳೆಯುವ ಮೀಟರನ್ನು ಹಳೇ ಕಾರು ಮಾರುವ ಗೆಳೆಯರ ಹತ್ತಿರ ಎರವಲು ತಂದೆ. ಬಾನೆಟ್ಟಿನ ನಡುವೆ ಸಾಕಷ್ಟಿತ್ತು. ಅಂಚುಗಳಲ್ಲಿ ನಮ್ಮ ತಲೆಕೂದಲಿನಷ್ಟೂ ದಪ್ಪ ಇರಲಿಲ್ಲ. ಇಂಥ ಕಡೆ ಪೇಂಟ್ ಸವೆಸುವ ರಬ್ಬಿಂಗ್ ಕಾಂಪೌಂಡ್ ಹಾಕಿ ಬಫಿಂಗ್ ಮಷೀನ್ ಇಟ್ಟರೆ ನಿಮಿಷದಲ್ಲಿ ಬಣ್ಣದ ಅಡಿಯ ಪ್ರೈಮರ್ ಕಾಣುತ್ತದೆ. ಹೋದ ಪೇಂಟ್ ವಾಪಸ್ ಬರಲ್ಲ, ಅಲ್ವಾ?

ಹಾಗಾಗಿ ಮೊದಲು ಎಣ್ಣೆ. ಹಳೇ ಕಾರಿನವರು ಇದಕ್ಕೆ ಬಳಸುವುದು ಮೆಗ್ವಾಯರ್ಸ್ ನಂಬರ್ 7 ಅನ್ನುವ ಗ್ಲೇಜ್. ಎಣ್ಣೆಯಂಶ ತುಂಬಾ ಇರುವ, ಉಜ್ಜಿ ಸವೆಸದ ದ್ರವ. ಅಮೆರಿಕದಲ್ಲಿರುವ ಅಕ್ಕನ ಮಗನ ಕೈಲಿ ತರಿಸಿದೆ. ಕಾರನ್ನು ತೊಳೆದು, ನೆರಳಲ್ಲಿ ನಿಲ್ಲಿಸಿ, ಟರ್ಕಿ ಟವೆಲ್ ತುಂಡಿನಲ್ಲಿ ಧಾರಾಳವಾಗಿ ಹಚ್ಚಿದೆ. ಟವೆಲ್ಲಿನ ನೂಲಿನ ಕುಣಿಕೆಗಳು ಸತ್ತ ಪದರವನ್ನು ಮೆಲ್ಲಗೆ ಎತ್ತುತ್ತವೆ. ದಪ್ಪಗೆ ಬಳಿದು ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಒರೆಸಿ, ಮತ್ತೆ ಹಚ್ಚಿದೆ. ಎಣ್ಣೆ ಪೇಂಟಿಗೆ ಜೀವ ತುಂಬುತ್ತದೆ ಅನ್ನುತ್ತಾರೆ. ನನಗೆ ಅರ್ಥವಾದ ಮಟ್ಟಿಗೆ ಅದು ಬಿರುಕುಗಳಲ್ಲಿ ಕೂತು ಬೆಳಕು ಚೆದುರದಂತೆ ಮಾಡುತ್ತದೆ, ಉಜ್ಜುವಾಗ ಜಾರಿಕೆ ಕೊಡುತ್ತದೆ. ಅಷ್ಟೇ ಆದರೂ ಅದು ದೊಡ್ಡ ಉಪಕಾರ. ಟವೆಲ್ ಪೂರ್ತಿ ಹಸಿರಾಗುತ್ತಾ ಹೋದಂತೆ ಬಾನೆಟ್ಟಿನಲ್ಲಿ ಆ ಗಾಢ ಹಸಿರು ಮೇಲೆದ್ದಿತು. ಮುಂದಿನ ನಂಬರ್ ಪ್ಲೇಟ್ ಬಿಚ್ಚಿ ಅದರ ಹಿಂದಿನ ಬಣ್ಣಕ್ಕೆ ಹೋಲಿಸಿದೆ. ತುಂಬಾ ಹತ್ತಿರ ಬಂದಿತ್ತು. ಆಗ ಆದ ಖುಷಿ ಇನ್ನೂ ಇದೆ.

ಆಮೇಲೆ ಅಂಚುಗಳಿಗೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ, ತೀರಾ ನಯವಾದ ಪಾಲಿಶನ್ನು ಮೆತ್ತನೆ ಫೋಮ್ ಪ್ಯಾಡಿನಲ್ಲಿ ಕೈಯಿಂದಲೇ ತಿಕ್ಕಿದೆ. ಕೊನೆಗೆ ಕಾರ್ನಾಬಾ ವ್ಯಾಕ್ಸ್, ಅಂದರೆ ಒಂದು ಜಾತಿಯ ತಾಳೆ ಎಲೆಯ ಮೇಣ. ವ್ಯಾಕ್ಸ್ ಹಚ್ಚದಿದ್ದರೆ ಎಣ್ಣೆ ನಿಲ್ಲುವುದಿಲ್ಲ, ಬೂದಿ ಮತ್ತೆ ಬರುತ್ತದೆ. ಕೆಲವು ತಿಂಗಳಿಗೊಮ್ಮೆ ಹಚ್ಚುತ್ತಲೇ ಇರಬೇಕು.

ಇನ್ನು ಕೆಲವು ಮಾತು. ಸೀಮೆಎಣ್ಣೆ, ಡೀಸೆಲ್ ಬಟ್ಟೆಯಲ್ಲಿ ಒರೆಸಿ ಹೊಳಪು ತರಿಸುವ ಹಳೇ ಅಭ್ಯಾಸ ಬೇಡ, ಧೂಳು ಅದಕ್ಕೇ ಅಂಟುತ್ತದೆ. ಸಿಲಿಕೋನ್ ಇರುವ ಅಗ್ಗದ ಶೈನರ್ ಬೇಡವೇ ಬೇಡ. ಮುಂದೆ ಎಲ್ಲಾದರೂ ಟಚ್-ಅಪ್ ಮಾಡಿಸಿದರೆ ಪೇಂಟ್ ಕೂರದೆ ಚಿಕ್ಕ ಚಿಕ್ಕ ಗುಳಿ ಬೀಳುತ್ತದೆ. ಮೆಟಾಲಿಕ್ ಬಣ್ಣದ ಸಿಂಗಲ್ ಸ್ಟೇಜ್ ಆಗಿದ್ದರೆ ಉಜ್ಜುವ ಮುಂಚೆ ಹತ್ತು ಸಲ ಯೋಚಿಸಿ, ಅದರಲ್ಲಿರುವ ಅಲ್ಯೂಮಿನಿಯಂ ಚೂರುಗಳು ಬರಿದಾದರೆ ಕಪ್ಪು ಕಲೆಯಾಗುತ್ತದೆ. ಹಳೇ ಹಳದಿ, ಕೆಂಪು, ಹಸಿರು ಪೇಂಟುಗಳಲ್ಲಿ ಸೀಸ ಇರಬಹುದು. ಒಣ ಉಪ್ಪುಕಾಗದ ಹಾಕಿ ಧೂಳು ಎಬ್ಬಿಸಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡ. ಉಜ್ಜಿದ ಬಟ್ಟೆಯನ್ನು ಮನೆಬಟ್ಟೆ ಜೊತೆ ಒಗೆಯಬೇಡಿ.

ಎಡ ಮಡ್‌ಗಾರ್ಡಿನ ಮೇಲೆ ಅಂಗೈಯಗಲ ಪ್ರೈಮರ್ ಕಾಣುತ್ತದೆ. ದೊಡ್ಡಪ್ಪ ದಿನಾ ಒರೆಸುವಾಗ ಅಲ್ಲೇ ಕೈ ಊರುತ್ತಿದ್ದರಂತೆ, ದೊಡ್ಡಮ್ಮ ಹೇಳಿದರು. ಅಲ್ಲಿಗೆ ಬರೀ ವ್ಯಾಕ್ಸ್ ಹಚ್ಚಿ ಬಿಟ್ಟಿದ್ದೇನೆ, ತುಕ್ಕು ಬಾರದಿದ್ದರೆ ಸಾಕು. ಗ್ಯಾರೇಜಿನಲ್ಲಿ ಪುಟ್ಟಿ ಮೆತ್ತಿ, ಗಾಜಿನ ರಬ್ಬರ್ ಕಿತ್ತು, ಬೀಡಿಂಗ್ ಕ್ಲಿಪ್ ಮುರಿದು, ಮೂರು ವರ್ಷಕ್ಕೆ ಗುಳ್ಳೆ ಏಳುವ ಪೇಂಟ್ ಹೊಡೆಸಿಕೊಂಡ ಕಾರುಗಳನ್ನು ನೋಡಿ ನನಗೆ ಸಂಕಟವಾಗಿದೆ. ಲೋಹವೇ ತುಕ್ಕು ಹಿಡಿದಿದ್ದರೆ ಬೇರೆ ಮಾತು, ಆಗ ಟಿಂಕರಿಂಗ್ ಮಾಡಿಸಲೇಬೇಕು. ಬರೀ ಮಂಕಾಗಿದ್ದರೆ ಅವಸರ ಬೇಡ.

ನಿಮ್ಮ ಮನೆಯಲ್ಲೋ, ಊರಿನ ಕೊಟ್ಟಿಗೆಯಲ್ಲೋ ಇಂಥ ಪದ್ಮಿನಿ, ಅಂಬಾಸಿಡರ್, ಹೆರಾಲ್ಡ್ ಇದ್ದರೆ ಮೊದಲು ಬಾಗಿಲ ಒಳ ಅಂಚಿನಲ್ಲಿ ಬಿಳಿ ಬಟ್ಟೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ ನನಗೆ ಬರೆಯಿರಿ. ಬಾಟಲಿಯಲ್ಲಿ ಅರ್ಧದಷ್ಟು ಗ್ಲೇಜ್ ಉಳಿದಿದೆ, ಒಂದು ಬಾನೆಟ್ಟಿಗೆ ಆಗುವಷ್ಟು ಖಂಡಿತ ಕೊಡುತ್ತೇನೆ.