ಸೈಟ್ ಬಂತು, ಮೇಲ್ ಹೋಯ್ತು

ಸಣ್ಣ ಕಂಪನಿಗಳ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ, ಅಡಿಕೆ ಸುಲಿಯುವ ಯಂತ್ರ ಮಾಡುವ ಕಂಪನಿಯೊಂದರ ಸೈಟನ್ನು ಹೊಸ ಹೋಸ್ಟಿಂಗ್‌ಗೆ, ಅಂದರೆ ಸೈಟ್ ಇಡುವ ಬೇರೆ ಸರ್ವರ್‌ಗೆ, ಸಾಗಿಸಬೇಕಿತ್ತು. ಶುಕ್ರವಾರ ಸಂಜೆ ಫೈಲು, ಡೇಟಾಬೇಸ್ ಎಲ್ಲ ಹಾಕಿ, ಡೊಮೇನ್ (ಸೈಟಿನ ಹೆಸರು) ಕೊಂಡ ಕಡೆ ನೇಮ್‌ಸರ್ವರ್ ಬದಲಿಸಿದೆ. ಆ ಹೆಸರಿನ ಸೈಟ್, ಮೇಲ್ ಎಲ್ಲಿವೆ ಎಂದು ಕೇಳಿದವರಿಗೆ ಹೇಳುವ ಸರ್ವರ್ ಅದು. ರಾತ್ರಿ ಹೊಸ ಸೈಟ್ ತೆರೆಯಿತು. ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಮಾಲೀಕರ ಫೋನ್. "ಏನಪ್ಪಾ, ಗಿರಾಕಿ ಒಬ್ಬರು ಕಳಿಸಿದ ಮೇಲ್ ವಾಪಸ್ ಹೋಗ್ತಿದೆಯಂತೆ. ಇನ್ನೊಬ್ಬರದು ಬಂದಿದೆ. ಸ್ವಲ್ಪ ನೋಡು."

ವಾಪಸ್ ಹೋದ ಮೇಲ್ ತರಿಸಿ ನೋಡಿದೆ. "550 ನೋ ಸಚ್ ಯೂಸರ್ ಹಿಯರ್." ಅಂಥ ವಿಳಾಸವೇ ಇಲ್ಲಿಲ್ಲ ಅಂತ. ಹಾಗೆ ಹೇಳಿದ್ದು ನಮ್ಮ ಹೊಸ ಸರ್ವರ್. ಆದರೆ ಕಂಪನಿಯ ಮೇಲ್ ಇದ್ದದ್ದು ಗೂಗಲ್‌ನಲ್ಲಿ.

ನೇಮ್‌ಸರ್ವರ್ ಬದಲಿಸಿದರೆ ಸೈಟಿನ ವಿಳಾಸವೊಂದೇ ಅಲ್ಲ, ಡೊಮೇನಿನ ಯಾವುದು ಎಲ್ಲಿದೆ ಎಂದು ಹೇಳುವ ಇಡೀ ಡಿಎನ್‌ಎಸ್ ಪಟ್ಟಿಯೇ ಬದಲಾಗುತ್ತದೆ. ಸೈಟ್ ಎಲ್ಲಿದೆ ಎಂದು ಹೇಳುವುದು ಎ ರೆಕಾರ್ಡ್, ಮೇಲ್ ಎಲ್ಲಿಗೆ ಹೋಗಬೇಕು ಎಂದು ಹೇಳುವುದು ಎಂಎಕ್ಸ್. ಹಳೆ ಪಟ್ಟಿಯಲ್ಲಿ ಗೂಗಲ್‌ನ ಐದು ಎಂಎಕ್ಸ್ ಸಾಲುಗಳಿದ್ದವು. ಹೊಸ ಹೋಸ್ಟಿಂಗ್‌ನ ಸಿಪ್ಯಾನೆಲ್ (ಸರ್ವರ್ ನೋಡಿಕೊಳ್ಳುವ ತಂತ್ರಾಂಶ) ಖಾತೆ ತನ್ನದೇ ಪಟ್ಟಿ ಮಾಡಿಕೊಂಡು, ಮೇಲ್ ಕೂಡ ತನಗೇ ಬರಲಿ ಎಂದು ಒಂದು ಎಂಎಕ್ಸ್ ಬರೆದುಕೊಂಡಿತ್ತು. ಆ ಪಟ್ಟಿಯನ್ನು ನಾನು ತೆರೆದೇ ನೋಡಿರಲಿಲ್ಲ.

ಮೇಲ್ ಸರ್ವರ್ ಬಂದ್ ಆಗಿದ್ದರೂ ಇಷ್ಟು ಹಾನಿ ಆಗುತ್ತಿರಲಿಲ್ಲ. ಕಳಿಸುವ ಕಡೆಯವರು ಮೇಲನ್ನು ಇಟ್ಟುಕೊಂಡು ಸಾಮಾನ್ಯವಾಗಿ ಕೆಲವು ದಿನ ಮತ್ತೆ ಮತ್ತೆ ಕಳಿಸಿ ನೋಡುತ್ತಾರೆ. 550 ಎಂದರೆ ಹಾಗಲ್ಲ, ತಕ್ಷಣ ವಾಪಸ್.

ಗಾಬರಿಗೆ ಹಳೆ ನೇಮ್‌ಸರ್ವರನ್ನೇ ಮತ್ತೆ ಹಾಕಿಬಿಡೋಣ ಅನ್ನಿಸಿತು. ಹಾಕದೇ ಇದ್ದದ್ದು ಒಳ್ಳೆಯದಾಯಿತು. ಡಾಟ್ ಕಾಮ್ ಡೊಮೇನುಗಳಲ್ಲಿ ನೇಮ್‌ಸರ್ವರ್ ಮಾಹಿತಿಯ ಟಿಟಿಎಲ್ (ಒಮ್ಮೆ ಸಿಕ್ಕ ಉತ್ತರವನ್ನು ಬೇರೆ ಸರ್ವರ್‌ಗಳು ನೆನಪಿಟ್ಟುಕೊಳ್ಳುವ ಅವಧಿ) 1,72,800 ಸೆಕೆಂಡ್, ಅಂದರೆ 2 ದಿನ. ಅಷ್ಟು ಹೊತ್ತು ಹಿಂದಿನ ಉತ್ತರವನ್ನೇ ಹಿಡಿದುಕೊಂಡ ಸರ್ವರ್‌ಗಳು ಇರುತ್ತವೆ. ಕೆಲವರ ಮೇಲ್ ಬಂದು ಕೆಲವರದು ಬರದೇ ಇದ್ದದ್ದು ಇದಕ್ಕೇ. ಸಿಪ್ಯಾನೆಲ್ ತಾನಾಗಿ ಹಾಕುವ ಟಿಟಿಎಲ್ 14,400, ಅಂದರೆ 4 ಗಂಟೆ. ಹೊಸ ಕಡೆಯೇ ಸರಿಮಾಡುವುದು ಬೇಗ ಅಲ್ವಾ?

ಪುಣ್ಯಕ್ಕೆ ಹಳೆ ಖಾತೆ ಇನ್ನೂ ಬಂದ್ ಆಗಿರಲಿಲ್ಲ. ಎರಡೂ ಕಡೆಯ ಝೋನ್ ಎಡಿಟರ್ (ಡಿಎನ್‌ಎಸ್ ಪಟ್ಟಿ, ಅಂದರೆ ಝೋನ್, ತಿದ್ದುವ ಪುಟ) ಅಕ್ಕಪಕ್ಕ ತೆರೆದು ಒಂದೊಂದೇ ಸಾಲು ಸಾಗಿಸಿದೆ. ಎಂಎಕ್ಸ್ ಆಯಿತು, ಕಳಿಸಿದ ಮೇಲ್ ಅಸಲಿ ಎಂದು ಸಹಿಯಿಂದ ತೋರಿಸುವ ಡಿಕೆಐಎಂ ಆಯಿತು. ಡೊಮೇನಿನ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂದು ಹೇಳುವ ಎಸ್‌ಪಿಎಫ್ ವಿಷಯದಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ಸಾಲು. ಎರಡಿದ್ದರೆ ಪರಿಶೀಲನೆಯೇ ತಪ್ಪೆಂದು ಬರುತ್ತದೆ. ಹಾಗಾಗಿ ಇದ್ದ ಸಾಲಿನ ಒಳಗೇ ಗೂಗಲ್‌ನದನ್ನು ಸೇರಿಸಿದೆ. ಮಧ್ಯಾಹ್ನದ ಹೊತ್ತಿಗೆ ಮೇಲ್ ಬರತೊಡಗಿತು.

ಐದು ದಿನ ಬಿಟ್ಟು ಮತ್ತೆ ಫೋನ್. "ಸೈಟಿನಿಂದ ಒಂದೂ ವಿಚಾರಣೆ ಬರ್ತಿಲ್ಲವಲ್ಲಪ್ಪಾ?"

ಇದು ನನ್ನನ್ನು ಇನ್ನೂ ಜಾಸ್ತಿ ಕಾಡಿದ ತಪ್ಪು. ಶನಿವಾರದ ಗಡಿಬಿಡಿಯಲ್ಲಿ, ಮೇಲ್ ವಾಪಸ್ ಹೋಗುವುದಾದರೂ ನಿಲ್ಲಲಿ ಎಂದು ಹೊಸ ಸರ್ವರ್‌ನಲ್ಲಿ ಅದೇ ವಿಳಾಸದ ಮೇಲ್‌ಬಾಕ್ಸ್ ಮಾಡಿದ್ದೆ. ಎಂಎಕ್ಸ್ ಸರಿಮಾಡಿದರೂ ಸಿಪ್ಯಾನೆಲ್‌ನ ಇಮೇಲ್ ರೂಟಿಂಗ್ ಪುಟದಲ್ಲಿ 'ಲೋಕಲ್' (ಮೇಲ್ ಈ ಸರ್ವರ್‌ನಲ್ಲೇ ಇದೆ) ಎಂದೇ ಉಳಿದಿತ್ತು. ಹಾಗಿದ್ದಾಗ ಆ ಸರ್ವರ್‌ನಿಂದಲೇ ಹೊರಡುವ ಮೇಲ್ ಎಂಎಕ್ಸ್ ನೋಡುವುದೇ ಇಲ್ಲ, ಅಲ್ಲೇ ಇರುವ ಬಾಕ್ಸಿಗೆ ಬೀಳುತ್ತದೆ. ಸೈಟಿನ ಫಾರ್ಮ್ ಮೇಲ್ ಕಳಿಸುತ್ತಿದ್ದದ್ದೂ ಅಲ್ಲಿಂದಲೇ. ಬಾಕ್ಸ್ ತೆರೆದರೆ ಆರು ವಿಚಾರಣೆಗಳು ಸುಮ್ನೆ ಬಿದ್ದಿದ್ದವು. 'ರಿಮೋಟ್' ಎಂದು ಬದಲಿಸಿ, ಆರನ್ನೂ ಮಾಲೀಕರಿಗೆ ಕಳಿಸಿ, ಆದದ್ದನ್ನು ಮುಚ್ಚಿಡದೆ ಹೇಳಿದೆ. ಅವರೇ ಆರು ಜನಕ್ಕೂ ಫೋನ್ ಮಾಡಿದರು. ಇಬ್ಬರು ಅಷ್ಟರಲ್ಲಿ ಬೇರೆ ಕಡೆ ಯಂತ್ರ ಕೊಂಡಾಗಿತ್ತು.

ಈಗ ಸೈಟ್ ಸಾಗಿಸುವಾಗ ಸಾಧ್ಯವಾದಷ್ಟೂ ನೇಮ್‌ಸರ್ವರ್ ಮುಟ್ಟುವುದಿಲ್ಲ. ಹಿಂದಿನ ದಿನ ಎ ರೆಕಾರ್ಡಿನ ಟಿಟಿಎಲ್ 300 ಸೆಕೆಂಡಿಗೆ ಇಳಿಸಿ, ಮರುದಿನ ಅದೊಂದನ್ನೇ ಬದಲಿಸುತ್ತೇನೆ. ನೇಮ್‌ಸರ್ವರ್ ಬದಲಿಸಲೇಬೇಕಾದರೆ ಮೊದಲು ಹೊಸ ಝೋನ್ ಪೂರ್ತಿ ತುಂಬುತ್ತೇನೆ. ಡಿಎನ್‌ಎಸ್ ಉತ್ತರ ಕೇಳಿ ತೋರಿಸುವ ಡಿಗ್ ಕಮಾಂಡ್‌ನಲ್ಲಿ ಹೊಸ ನೇಮ್‌ಸರ್ವರನ್ನೇ ನೇರವಾಗಿ ಕೇಳಿ, ಹಳೆಯದರ ಉತ್ತರದ ಜೊತೆ ಸಾಲುಸಾಲಾಗಿ ತಾಳೆ ನೋಡುತ್ತೇನೆ. ಕೊನೆಗೆ ಸೈಟಿನ ಫಾರ್ಮ್ ತುಂಬಿ, ಕಂಪನಿಯಲ್ಲಿ ಮೇಲ್ ನೋಡುವವರಿಗೆ ಫೋನ್ ಹಚ್ಚುತ್ತೇನೆ. ನಾನು ಬರೆದದ್ದನ್ನು ಅವರು ಓದಿ ಹೇಳುವ ತನಕ ಫೋನ್ ಇಡುವುದಿಲ್ಲ.