ಹಕ್ಕಿ ಹಿಂದಿನ ಕಂಬಗಳು

ಮಳೆಗಾಲ ಪೂರ್ತಿ ಅಕ್ಕೋರ ಮನೆಯ ಕಬ್ಬಿಣದ ಕಪಾಟಿನೊಳಗೆ ಒಂದು ಬಲ್ಬು ಉರಿಯುತ್ತದೆ ಎನ್ನುವುದು ನಮ್ಮ ಕೇರಿಯ ಹಳೆಯ ತಮಾಷೆ. ‘ಮಾಸ್ತರು ಕಪಾಟಿಗೂ ಕರೆಂಟ್ ಹಾಕಿಸಿದ್ದಾರೆ, ಒಳಗೆ ಕೂತು ಯಾರು ಓದುತ್ತಾರೋ’ ಎಂದು ಜನ ನಗುತ್ತಿದ್ದರು. ಒಳಗಿದ್ದದ್ದು ಒಂದು ಕ್ಯಾಮೆರಾ, ಎರಡು ಲೆನ್ಸು, ಮತ್ತೆ ಗಂಡ ಹೆಂಡತಿ ಸೇರಿ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಕೂಡಿಸಿದ ಫೋಟೊಗಳು. ಶಿರಸಿಯ ಮಳೆಗೆ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಫಿಲ್ಮನ್ನು ಬಿಡುತ್ತದೆಯೇ? ಕಪಾಟಿನ ತಳದಲ್ಲಿ 40 ವಾಟಿನ ಬಲ್ಬು ಇಟ್ಟರೆ ಒಳಗೆ ಬೆಚ್ಚಗಿರುತ್ತದೆ, ತೇವ ನಿಲ್ಲುವುದಿಲ್ಲ. ಮಲೆನಾಡಿನಲ್ಲಿ ಕ್ಯಾಮೆರಾ ಇಟ್ಟುಕೊಂಡವರ ಹಳೆಯ ಉಪಾಯ ಇದು.

ಮಾಸ್ತರು ತೀರಿಕೊಂಡು ಎರಡು ವರ್ಷವಾಯಿತು. ಕಳೆದ ಜುಲೈಯಲ್ಲಿ ಅಕ್ಕೋರು ಫೋನ್ ಮಾಡಿದರು. “ತಮಾ, ಕಪಾಟಿನ ಬಾಗಿಲು ತೆಗೆದ್ರೆ ಹುಳಿ ವಾಸನೆ ಬತ್ತಾ ಇದ್ದು. ಒಂದ್ಸಲ ಬಂದು ನೋಡ್ತ್ಯಾ?”

ನಮ್ಮ ಕಡೆ ಶಾಲೆಯ ಟೀಚರನ್ನು ಅಕ್ಕೋರು ಎನ್ನುತ್ತೇವೆ. ಇವರು ನನಗೆ ನಾಲ್ಕನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವರು. ಮಾಸ್ತರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದರು. ರಜೆ ಸಿಕ್ಕಿದರೆ ಸಾಕು, ಇಬ್ಬರೂ ಬಸ್ಸು ಹತ್ತುತ್ತಿದ್ದರು. ಯಾಣ, ಉಂಚಳ್ಳಿ, ಮಾಗೋಡು, ದಾಂಡೇಲಿ, ಕಾರವಾರ. ವಾಪಸು ಬಂದಮೇಲೆ ವಾರಪತ್ರಿಕೆಗೆ ಲೇಖನ ಹೋಗುತ್ತಿತ್ತು. ಕೆಳಗೆ ಇಬ್ಬರ ಹೆಸರೂ ಇರುತ್ತಿತ್ತು, ಆದರೆ ಊರಿನವರು ಅದನ್ನು ‘ಮಾಸ್ತರ ಲೇಖನ’ ಎಂದೇ ಕರೆದರು. ಅದರಲ್ಲಿ ಮಾಸ್ತರು ಬರೆದ ಒಂದು ಸಾಲೂ ಇರಲಿಲ್ಲ ಅನ್ನುವುದು ನನಗೆ ತಿಳಿದದ್ದು ಆ ಜುಲೈಯ ದಿನ. ಅವರು ಬರೀ ಫೋಟೊ ತೆಗೆಯುತ್ತಿದ್ದರು, ಅದೂ ಹಕ್ಕಿ ಪ್ರಾಣಿಗಳದ್ದು. ಬರೆದದ್ದೆಲ್ಲ ಅಕ್ಕೋರು.

ನಾನು ಹೋದಾಗ ಹೊರಗೆ ಜಡಿಮಳೆ. ಕೊಡೆ ಮಡಚುವ ಮೊದಲೇ “ಆಸ್ರಿಗೆ ಎಂತ ಬೇಕು?” ಎಂದರು. ಕಷಾಯ ಕುಡಿದು ಕಪಾಟು ತೆಗೆದೆ. ನಿಜ, ಹುಳಿ ವಾಸನೆ. ವಿನೆಗರ್ ಬಾಟಲಿ ತೆಗೆದ ಹಾಗೆ.

ಬಲ್ಬು ಉರಿಯುತ್ತಲೇ ಇತ್ತು. ಕೈ ಇಟ್ಟು ನೋಡಿದೆ. ತಣ್ಣಗಿತ್ತು.

ಹಿಂದಿನ ವರ್ಷ ಬಲ್ಬು ಹೋದಾಗ ಯಾರೋ ಬಂದು ಹೊಸದು ಹಾಕಿಕೊಟ್ಟಿದ್ದರಂತೆ. ಎಲ್‌ಇಡಿ. ಬೆಳಕಿಗೆ ಒಳ್ಳೆಯದು, ಕರೆಂಟ್ ಬಿಲ್ಲಿಗೂ ಒಳ್ಳೆಯದು. ಆದರೆ ಕಪಾಟಿಗೆ ಬೇಕಾದದ್ದು ಬೆಳಕಲ್ಲ, ಬಿಸಿ. ಹಳೆಯ ಬಲ್ಬು ತಿಂದ ಕರೆಂಟಿನಲ್ಲಿ ಹೆಚ್ಚಿನದನ್ನು ಬಿಸಿಯಾಗಿಯೇ ಕಳೆಯುತ್ತಿತ್ತು. ಆ ದಡ್ಡತನವೇ ಇಷ್ಟು ವರ್ಷ ಫಿಲ್ಮುಗಳನ್ನು ಕಾದಿತ್ತು. ಅಕ್ಕೋರು ದಿನಾ ಬಾಗಿಲ ಸಂದಿಯಿಂದ ಬೆಳಕು ನೋಡಿ, ಎಲ್ಲ ಸರಿಯಿದೆ ಎಂದು ಸುಮ್ನೆ ಇದ್ದರು. ಯಾರಿಗೆ ತಾನೇ ಹೊಳೆಯುತ್ತದೆ?

ಹುಳಿ ವಾಸನೆ ಬರುತ್ತಿದ್ದದ್ದು ಕಪ್ಪು ಬಿಳುಪು ನೆಗೆಟಿವ್‌ಗಳಿಂದ. ಆ ಕಾಲದ ಫಿಲ್ಮಿನ ತಳಪದರ ಅಸಿಟೇಟ್ ಎಂಬ ಪ್ಲಾಸ್ಟಿಕ್. ತೇವಕ್ಕೆ, ಸೆಕೆಗೆ ಅದು ಒಡೆಯುತ್ತಾ ಅಸಿಟಿಕ್ ಆಮ್ಲ ಬಿಡುತ್ತದೆ. ವಿನೆಗರಿನಲ್ಲಿ ಇರುವುದೂ ಅದೇ. ಕೆಟ್ಟದ್ದೇನೆಂದರೆ ಆ ಆಮ್ಲವೇ ಮತ್ತಷ್ಟು ಹಾಳು ಮಾಡುತ್ತದೆ, ಪಕ್ಕದ ಫಿಲ್ಮಿಗೂ ಅಂಟಿಸುತ್ತದೆ. ಕೊಳೆರೋಗ ಬಂದ ಅಡಿಕೆಗೊನೆ ಇದ್ದ ಹಾಗೆ. ಹಾಗಾಗಿ ಮೊದಲು ಮೂಸಿ ಮೂಸಿ ಬೇರೆ ಮಾಡಿದೆವು. ವಾಸನೆ ಇದ್ದದ್ದು ಜಗುಲಿಗೆ, ಇಲ್ಲದ್ದು ಒಳಗೆ. ಎಂಬತ್ತು ದಾಟಿದ ಅಕ್ಕೋರ ಮೂಗು ನನ್ನದಕ್ಕಿಂತ ಚುರುಕು.

ಬಣ್ಣದ ಸ್ಲೈಡುಗಳಲ್ಲಿ ವಾಸನೆ ಇರಲಿಲ್ಲ, ಬೂಷ್ಟು ಇತ್ತು. ಬೆಳಕಿಗೆ ಹಿಡಿದರೆ ಚಿತ್ರದ ಮೇಲೆ ಜೇಡರ ಬಲೆಯಂಥ ಸಣ್ಣ ಎಳೆಗಳು. ಕಾರವಾರದ ಗೆಳೆಯನಿಂದ ಮ್ಯಾಕ್ರೊ ಲೆನ್ಸು ಮತ್ತು ಬೆಳಕಿನ ಹಲಗೆ ತಂದಿದ್ದೆ. ಹಲಗೆಯ ಮೇಲೆ ಸ್ಲೈಡು ಇಟ್ಟು ಮೇಲಿನಿಂದ ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೊ ತೆಗೆಯುವುದು, ಅಷ್ಟೇ. 24 ಮಿಲಿಮೀಟರ್ ಅಗಲ, 36 ಉದ್ದದ ಒಂದು ಚೂರು. ಅದರಲ್ಲಿ ಒಂದು ಕಾಡು.

ಮೊದಲನೆಯ ಸ್ಲೈಡಿನಲ್ಲೇ ನಾನು ತಪ್ಪು ಮಾಡಿದೆ. ಬೂಷ್ಟು ಒರೆಸೋಣ ಎಂದು ಹತ್ತಿಯನ್ನು ನೀರಿನಲ್ಲಿ ಅದ್ದಿ ಮೆಲ್ಲಗೆ ಎಳೆದೆ. ಬೂಷ್ಟಿನ ಜೊತೆ ಚಿತ್ರವೂ ಬಂತು. ಹತ್ತಿಯ ಮೇಲೆ ಹಸಿರು, ಕಂದು ಲೋಳೆ. ಸ್ಲೈಡಿನ ನಡುವೆ ಬೋಳು ಗಾಜಿನಂಥ ಜಾಗ. ಫಿಲ್ಮಿನ ಬಣ್ಣ ಕೂತಿರುವುದು ಜಿಲೆಟಿನ್ ಪದರದಲ್ಲಿ. ಬೂಷ್ಟು ತಿನ್ನುವುದು ಅದನ್ನೇ. ತಿಂದು ಮೆತ್ತಗೆ ಮಾಡಿದ್ದಕ್ಕೆ ನೀರು ಸೋಕಿದರೆ ಕರಗಿಯೇ ಹೋಗುತ್ತದೆ. ಇದೆಲ್ಲ ಆಮೇಲೆ ಓದಿ ತಿಳಿದದ್ದು. ಆಗ ಕೈಯಲ್ಲಿ ಹತ್ತಿ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ.

ಅಕ್ಕೋರು ಏನೂ ಹೇಳಲಿಲ್ಲ. ಆ ಸ್ಲೈಡು ಇದ್ದ ಕಾಗದದ ಲಕೋಟೆ ತೆಗೆದು ಕನ್ನಡಕ ಏರಿಸಿ ಓದಿದರು. “ಕತ್ತಲೆಕಾನು. ಸಿಂಗಳೀಕ, ತಾಯಿ ಮತ್ತು ಮರಿ. ಮೇಲಿಂದ ಹಣ್ಣಿನ ಸಿಪ್ಪೆ ನನ್ನ ತಲೆಯ ಮೇಲೆ. ಎರಡು ಸಲ.” ಆಮೇಲೆ ನಕ್ಕರು. “ಹೋದ್ದು ಹೋತು. ಸಿಪ್ಪೆ ಬಿದ್ದಿದ್ದು ಯಂಗೆ ನೆನಪಿದ್ದು.”

ಅಲ್ಲಿಂದ ಮುಂದೆ ಒರೆಸುವುದನ್ನು ಬಿಟ್ಟೆ. ಒಣ ಕುಂಚದಲ್ಲಿ ಧೂಳು ಕೊಡವಿ, ಬೂಷ್ಟು ಇದ್ದ ಹಾಗೇ ಫೋಟೊ ತೆಗೆದೆ. ಇನ್ನೊಂದು ಕೆಲಸವನ್ನೂ ಶುರು ಮಾಡಿದೆ. ಪ್ರತಿ ಸ್ಲೈಡಿನ ನಂತರ ಅದರ ಲಕೋಟೆಯದ್ದೂ ಒಂದು ಫೋಟೊ, ಅದೇ ನಂಬರಿನಲ್ಲಿ. ಮಾಸ್ತರ ಒಂದು ಚಿತ್ರ ಹೋದರೂ ಅಕ್ಕೋರ ಸಾಲು ಉಳಿದರೆ ಏನೋ ಇರುತ್ತದೆ. ತಿರುಗಾಮುರುಗಾ ಆದರೆ, ಅಂದರೆ ಚಿತ್ರ ಉಳಿದು ಸಾಲು ಹೋದರೆ? ಅದಕ್ಕೂ ಉದಾಹರಣೆ ಕಪಾಟಿನಲ್ಲೇ ಇತ್ತು. ಲಕೋಟೆಯಿಂದ ಹೊರಬಿದ್ದ ನೂರಾರು ಸ್ಲೈಡುಗಳು ಒಂದು ಬಿಸ್ಕತ್ ಡಬ್ಬಿಯಲ್ಲಿ. ಮಂಗಟ್ಟೆ, ಮಂಗಟ್ಟೆ, ಮತ್ತೆ ಮಂಗಟ್ಟೆ. ಯಾವ ಕಾಡು, ಯಾವ ವರ್ಷ? ಹಕ್ಕಿ ಹೇಳುವುದಿಲ್ಲ.

ಮಂಗಟ್ಟೆಯ ಕಥೆ ಸ್ವಲ್ಪ ಹೇಳಲೇಬೇಕು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ, ಕೊಕ್ಕು ಹೋಗುವಷ್ಟು ಸೀಳು ಮಾತ್ರ ಬಿಟ್ಟು. ತಿಂಗಳುಗಟ್ಟಲೆ ಗಂಡು ಹಣ್ಣು ತಂದು ಆ ಸೀಳಿನಿಂದ ಕೊಡುತ್ತದೆ. ಇಂಥ ಒಂದು ಗೂಡಿನ ಎದುರು ಇವರಿಬ್ಬರೂ ಎಂಟು ದಿನ ಕೂತಿದ್ದರಂತೆ. ಮಾಸ್ತರು ಕ್ಯಾಮೆರಾ ಹಿಂದೆ. ಅಕ್ಕೋರು ಶಾಲೆಯ ಹಾಜರಿ ಪುಸ್ತಕದಂತೆ ಗೆರೆ ಎಳೆದು ಗಂಡು ಬಂದ ಹೊತ್ತು, ತಂದ ಹಣ್ಣು ಬರೆಯುತ್ತಾ. ಅತ್ತಿ, ಅತ್ತಿ, ಗೊತ್ತಿಲ್ಲ, ಅತ್ತಿ. ಮಧ್ಯೆ ಒಂದು ಕಡೆ ‘ಇವರಿಗೆ ಹಸಿವು. ಅವಲಕ್ಕಿ ಕೊಟ್ಟೆ’ ಎಂದೂ ಇದೆ. ನಾನು ಅದನ್ನು ತೋರಿಸಿ ನಕ್ಕಾಗ ಅಕ್ಕೋರು, “ಅಲ್ಲಿ ಪೊಟರೆ ಒಳಗೆ ಇರ್ತಿದ್ದು ಹೆಣ್ಣು. ಇಲ್ಲಿ ಮರೆ ಒಳಗೆ ಗಂಡು” ಎಂದರು.

ಮಧ್ಯಾಹ್ನ ಕರೆಂಟ್ ಹೋಯಿತು. ಅಪ್ಪೆಹುಳಿ, ಅನ್ನ, ಸುಟ್ಟ ಹಲಸಿನ ಹಪ್ಪಳ. ಊಟದ ಹೊತ್ತಿಗೆ ನಾನು ಅಪ್ಪಿಕೋ ಬಗ್ಗೆ ಕೇಳಿದೆ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಕಡೆ ಜನ ಕಾಡಿಗೆ ಹೋಗಿ ಕಡಿಯುವ ಮರಗಳನ್ನು ಅಪ್ಪಿಕೊಂಡರಲ್ಲ, ಮಾಸ್ತರು ಫೋಟೊ ತೆಗೆದಿರಬೇಕು ಎಂದು ನನ್ನ ಆಸೆ. ಆಮೇಲೊಂದು ದಿನ ಇಬ್ಬರೂ ಆ ಕಾಡಿಗೆ ಹೋಗಿದ್ದರಂತೆ. ದಾರಿಯಲ್ಲೇ ಒಂದು ಮರಕುಟಿಗ ಸಿಕ್ಕಿ ರೋಲ್ ಪೂರ್ತಿ ಅದಕ್ಕೇ ಮುಗಿದಿತ್ತಂತೆ! ನನಗೆ ಮಾಸ್ತರ ಮೇಲೆ ನಿಜವಾಗಿಯೂ ಸಿಟ್ಟು ಬಂತು. ಮರಕುಟಿಗ ಇವತ್ತೂ ಇದೆ, ನಾಳೆಯೂ ಬರುತ್ತದೆ.

ಅಕ್ಕೋರಿಗೂ ಆ ಸಿಟ್ಟು ಇತ್ತು ಅನಿಸುತ್ತದೆ. ಮಾಸ್ತರಿಗೆ ಹಕ್ಕಿಯ ಹಿಂದೆ ಏನೂ ಇರಬಾರದು. ಮನೆ, ತಂತಿ, ಜನ ಬಂದರೆ ಚಿತ್ರ ಕೆಟ್ಟಿತು ಎಂದು ಪೇಚಾಡುತ್ತಿದ್ದರು. ಹಾಗೆ ‘ಕೆಟ್ಟ’ ಚಿತ್ರಗಳನ್ನು ಅಕ್ಕೋರು ಎಸೆಯಲು ಬಿಡದೆ ಬೇರೆ ಕಟ್ಟು ಕಟ್ಟಿ ಇಟ್ಟಿದ್ದರು. ಕರೆಂಟ್ ಬಂದಮೇಲೆ ನಾವು ತೆರೆದದ್ದು ಆ ಕಟ್ಟನ್ನು. ನನ್ನ ಮಟ್ಟಿಗೆ ಇಡೀ ಕಪಾಟಿನಲ್ಲಿ ಅದರಷ್ಟು ಬೆಲೆಯದ್ದು ಇನ್ನೊಂದಿಲ್ಲ.

ಒಂದರಲ್ಲಿ ಗೋಡೆಯ ಮೇಲೆ ಬಾಲ ಕುಣಿಸುವ ಸಿಪಿಲೆ ಹಕ್ಕಿ. ಸ್ವಲ್ಪ ಅಲುಗಿದೆ. ಹಿಂದೆ ಒಂದು ಅಂಗಡಿ, ಬೆಂಚು, ಸೈಕಲ್ಲು, ಬೀಡಿ ಹಚ್ಚುತ್ತಿರುವ ಮನುಷ್ಯ. ಅವರೆಲ್ಲ ಸ್ಪಷ್ಟ. ಲಕೋಟೆಯ ಮೇಲೆ ‘ಸೂಪಾ ಪೇಟೆ. ಚಾ ಚೆನ್ನಾಗಿತ್ತು’ ಎಂದಿದೆ. ಕಾಳಿ ಮತ್ತು ಪಾಂಡ್ರಿ ಹೊಳೆ ಕೂಡುವಲ್ಲಿದ್ದ ಸೂಪಾ ಊರು ಈಗ ಇಲ್ಲ. 101 ಮೀಟರ್ ಎತ್ತರದ ಅಣೆಕಟ್ಟು ಬಂದು ಊರು ನೀರಿನ ಕೆಳಗೆ ಹೋಯಿತು, ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ಚಳಿಗಾಲಕ್ಕೆ ಸಿಪಿಲೆ ಈಗಲೂ ಬರುತ್ತದೆ. ಕೂರಲು ಆ ಗೋಡೆ ಇಲ್ಲ.

ಲ್ಯಾಪ್‌ಟಾಪಿನಲ್ಲಿ ಆ ಚಿತ್ರವನ್ನು ಹಕ್ಕಿಯಷ್ಟಕ್ಕೆ ಕತ್ತರಿಸಿ ತೋರಿಸಿದೆ, ಅಭ್ಯಾಸಬಲ. “ಹಂಗೆ ಮಾಡಡ” ಎಂದರು ಅಕ್ಕೋರು. ಕ್ಲಾಸಿನಲ್ಲಿ ಹೇಳುತ್ತಿದ್ದ ದನಿ. ಕೈ ತಾನಾಗಿ ಹಿಂದೆ ಬಂತು.

ಸಂಜೆ ನಾಲ್ಕರ ಹೊತ್ತಿಗೆ ಅದೇ ಕಟ್ಟಿನಲ್ಲಿ ಲಕೋಟೆ ಇಲ್ಲದ ಒಂದು ಸ್ಲೈಡು ಸಿಕ್ಕಿತು. ದೊಡ್ಡ ನೀರು, ಅದರ ಮೇಲೆ ಹತ್ತಿಪ್ಪತ್ತು ಕಡಲಕ್ಕಿಗಳು. ಹಿಂದೆ ಸಾಲಾಗಿ ದಪ್ಪ ಕಂಬಗಳು, ಕಂಬಗಳ ಮೇಲೆ ಏನೂ ಇಲ್ಲ. ಎಲ್ಲಿಯದು? ಅಕ್ಕೋರು ಶರಾವತಿ ಎಂದರು. ನಾನು ಅಘನಾಶಿನಿ ಎಂದೆ. ಇಬ್ಬರಿಗೂ ಖಾತ್ರಿಯಿಲ್ಲ.

ಚಿತ್ರವನ್ನು ಹಿಗ್ಗಿಸಿ ನೋಡಿದೆವು. ಕಡಲಕ್ಕಿಗಳ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ. ಕಂದು ತಲೆಯ ಕಡಲಕ್ಕಿಗೆ ಮರಿ ಮಾಡುವ ಕಾಲದಲ್ಲಿ ಮಾತ್ರ ತಲೆ ಕಂದು. ಆಗ ಅದು ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿರುತ್ತದೆ. ನಮ್ಮ ಕರಾವಳಿಗೆ ಬರುವ ಹೊತ್ತಿಗೆ ಬಣ್ಣ ಕಳಚಿ ಚುಕ್ಕೆಯಷ್ಟೇ ಉಳಿದಿರುತ್ತದೆ. ಅಂದರೆ ಚಳಿಗಾಲ. ತಿಂಗಳನ್ನು ಹಕ್ಕಿ ಹೇಳಿತು, ವರ್ಷವನ್ನು ಹೇಳಲಾರದು.

ಬಲಗಡೆ ಮೂಲೆಯಲ್ಲಿ ಬೂಷ್ಟಿನ ಎಳೆಗಳ ಹಿಂದೆ ಒಂದು ಗುಡ್ಡ ನೀರಿಗೆ ಇಳಿಯುತ್ತಿತ್ತು. ಆ ಗುಡ್ಡ ನೋಡುತ್ತಿದ್ದಂತೆ ಅಕ್ಕೋರು ಕೈ ಎತ್ತಿದರು. “ಸದಾಶಿವಗಡ ಅಲ್ದನಾ ಇದು?”

ಹೌದು. ಕಾರವಾರದ ಕಾಳಿ. ಕಂಬಗಳು ಕಾಳಿ ಸೇತುವೆಯವು, ಇನ್ನೂ ಮೇಲಿನ ರಸ್ತೆ ಕೂರದವು. ಆ ಸೇತುವೆ ಆದದ್ದು 1983ರಲ್ಲಿ. ಅದಕ್ಕೆ ಮೊದಲು ಕೋಡಿಬಾಗದಿಂದ ಸದಾಶಿವಗಡಕ್ಕೆ ನೀರಿನ ಮೇಲೇ ದಾಟಬೇಕಿತ್ತು. ಅಂದರೆ ಚಿತ್ರ 83ಕ್ಕಿಂತ ಮೊದಲಿನ ಯಾವುದೋ ಚಳಿಗಾಲದ್ದು. ಮಾಸ್ತರು ‘ಕಂಬ ಬಂದು ಕೆಟ್ಟಿತು’ ಎಂದು ಬದಿಗಿಟ್ಟದ್ದು. ಆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಬಿತ್ತು. ಮೇಲಿದ್ದ ಲಾರಿ ಹೊಳೆಗೆ ಬಿತ್ತು, ಚಾಲಕ ಪುಣ್ಯಕ್ಕೆ ಬದುಕಿಕೊಂಡ. ಮಾರನೇ ದಿನ ಮುರಿದ ಸೇತುವೆಯ ಫೋಟೊ ನಮ್ಮೆಲ್ಲರ ಮೊಬೈಲಿಗೂ ಬಂದಿತ್ತು. ಹುಟ್ಟುವಾಗಿನ ಅದರ ಚಿತ್ರ ಇಲ್ಲಿ ಶಿರಸಿಯ ಕಪಾಟಿನಲ್ಲಿತ್ತು, ಕಡಲಕ್ಕಿಗಳ ಬೆನ್ನ ಹಿಂದೆ.

ಅಕ್ಕೋರು ಎದ್ದು ಒಳಗೆ ಹೋದರು. ಖಾಲಿ ಲಕೋಟೆಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿಟ್ಟಿದ್ದರು, ಅದನ್ನು ತಂದು ಚಾಪೆಯ ಮೇಲೆ ಸುರಿದರು. ಮುಕ್ಕಾಲು ತಾಸು ಹುಡುಕಿದೆವು. ಕೊನೆಗೆ ಸಿಕ್ಕಿತು. ನೀಲಿ ಶಾಯಿ, ಅಂಚಿನಲ್ಲಿ ಇರುವೆ ಕಡಿದ ತೂತು.

‘ಕೋಡಿಬಾಗ. ಕಡಲಕ್ಕಿ. ಲಾಂಚು ಎರಡು ತಾಸು ತಡ. ಎಲ್ಲರಿಗೂ ಬೇಜಾರು, ಇವರಿಗೆ ಖುಷಿ.’

ಅಕ್ಕೋರು ಅದನ್ನು ಎರಡು ಸಲ ಓದಿದರು. ಆಮೇಲೆ ಸ್ಲೈಡನ್ನು ಲಕೋಟೆಯೊಳಗೆ ಹಾಕಿ ನನ್ನ ಕೈಗೆ ಕೊಟ್ಟು, “ನಂಬರ್ ಬರಿ” ಎಂದರು. 212.

ಆ ದಿನ ಆದದ್ದು ಅಷ್ಟೇ. ಇನ್ನು ಮೂರು ಸಾವಿರಕ್ಕೂ ಜಾಸ್ತಿ ಇವೆ. ಹೊರಡುವಾಗ ಅಕ್ಕೋರು ಬಲ್ಬಿನ ದುಡ್ಡು ಕೊಡಲು ಬಂದರು. ನಾನು ತಗೊಳ್ಳಲಿಲ್ಲ, ಜಗಳವೂ ಆಯಿತು. ಪೇಟೆಗೆ ಬಂದು ಮೊದಲನೇ ಅಂಗಡಿಯಲ್ಲಿ ಕೇಳಿದರೆ ಹಳೇ ಬಲ್ಬು ಈಗ ಯಾರು ತಗೊಳ್ಳುತ್ತಾರೆ ಎಂದರು. ಎರಡನೆಯದರಲ್ಲಿ ಎಲ್‌ಇಡಿಯ ಲಾಭ ವಿವರಿಸಿದರು, ಗ್ಯಾರಂಟಿ ಸಮೇತ. ಮೂರನೆಯ ಅಂಗಡಿಯ ಮುದುಕ ಒಂದು ಮಾತೂ ಆಡದೆ ಮೇಲಿನ ಹಲಗೆಗೆ ಕೈ ಹಾಕಿ ಧೂಳು ತಿಂದ ಎರಡು ಡಬ್ಬಿ ತೆಗೆದ. 40 ವಾಟು.

“ಕೋಳಿಮರಿಗಾ?” ಎಂದು ಕೇಳಿದ.

ಬಿಡಿಸಿ ಹೇಳುವಷ್ಟು ಮಳೆ ಬಿಟ್ಟಿರಲಿಲ್ಲ. ಹೌದು ಎಂದು ಎರಡನ್ನೂ ತಗೊಂಡೆ.